ಬಯೋಡೇಟಾದ ಬೆನ್ನಿಗಿದ್ದ ದಂಡಯಾತ್ರೆ

ವಿಜಯಪುರವನ್ನು ಆಳಿದ ದೊರೆಗಳ ಪಟ್ಟಿಯಲ್ಲಿ ಅದೇ ಊರಿನ ಜಲನಗರ ಬಡಾವಣೆಯ ಸತೀಶಕುಮಾರನ ಹೆಸರು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆದರೂ ಅವನು ಇನ್ನೂರ ಹದಿನಾಲ್ಕು ವರ್ಷ ಆಳಿದ್ದು ಖರೆ. ಸಿಂಹಾಸನವೆಂದರೆ ಹಿತ್ತಲ ಬಾಗಿಲಿನ ಮೆಟ್ಟಿಲು. ಆಳ್ವಿಕೆಯ ಹೊತ್ತೆಂದರೆ ಆಫೀಸಿನಿಂದ ಬಂದು ಚಹಾ ಕುಡಿದಾಗಿನಿಂದ ಅವ್ವ “ಕೊತ್ತಂಬರಿ ತಗೊಂಡ ಬಾರೋ” ಎಂದು ಕೂಗುವ ತನಕ. ಕೋಟೆ, ಕಣಜ, ಆನೆ, ಅಂಬಾರಿ ಎಲ್ಲವೂ ಇದ್ದದ್ದು ಅಂಗೈಯಗಲದ ಮೊಬೈಲಿನಲ್ಲಿ. ಕೊತ್ತಂಬರಿ ತರಲು ಹೋಗುವಾಗ ಅವನು ಆ ಸಾಮ್ರಾಜ್ಯವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋಗುತ್ತಿದ್ದ.

ಅದೊಂದು ಹಳೆಯ ಕಾಲದ ರಾಜರ ಆಟ. ಅದರಲ್ಲಿ ಪ್ರತಿಯೊಬ್ಬ ರಾಜನಿಗೂ ಪಾಳಿಯುಂಟು, ಒಂದು ಪಾಳಿಗೆ ಒಂದು ವರ್ಷ. ನಿಮ್ಮ ಪಾಳಿ ಬಂದಾಗ ನೀವು ಬಾವಿ ತೋಡಿಸಬಹುದು, ದಂಡು ಕಳಿಸಬಹುದು, ಸುಮ್ಮನೆ ಕೂತು ವಿಚಾರವನ್ನೂ ಮಾಡಬಹುದು. ‘ಪಾಳಿ ಮುಗಿಯಿತು’ ಎಂಬ ಗುಂಡಿಯನ್ನು ನೀವು ಒತ್ತುವ ತನಕ ಜಗತ್ತು ಕಾಯುತ್ತದೆ. ಕತ್ತಿ ಎತ್ತಿದ ಶತ್ರು ಎತ್ತಿಕೊಂಡೇ ನಿಂತಿರುತ್ತಾನೆ, ಪಾಪ, ಕೈ ಸೋತರೂ ಇಳಿಸುವುದಿಲ್ಲ. ಸತೀಶಕುಮಾರನ ಮನಸ್ಸನ್ನು ಗೆದ್ದದ್ದು ಇದೇ ಗುಣ. ಅವನ ಆಫೀಸಿನಲ್ಲಿ ಅವನು “ಸರ್” ಎಂದು ಬಾಯಿ ತೆರೆಯುವುದರೊಳಗೆ ಸಾಹೇಬರು ಬಯ್ದು ಮುಗಿಸಿ ಚಹಾಕ್ಕೆ ಹೋಗಿರುತ್ತಿದ್ದರು. ಮೂವತ್ತಮೂರು ವರ್ಷದ ಬಾಳಿನಲ್ಲಿ ಅವನಿಗಾಗಿ ಕಾದು ನಿಂತದ್ದೆಂದರೆ ಆ ಆಟದೊಳಗಿನ ಶತ್ರುಗಳು ಮಾತ್ರ.

ಆಟದಲ್ಲಿ ಲೋಪಗಳಿರಲಿಲ್ಲವೆಂದಲ್ಲ. ಅವನ ಪ್ರಜೆಗಳು ಎತ್ತಿನ ಗಾಡಿಗಿಂತ ಮೊದಲು ತೋಪನ್ನು ಕಂಡುಹಿಡಿದಿದ್ದರು. ಮಂತ್ರಿ ಒಂದು ವರ್ಷ “ಪ್ರಭು, ಪ್ರಜೆಗಳು ಸಂತೋಷದಿಂದಿದ್ದಾರೆ” ಎಂದು ಹೇಳಿ, ಮರುವರ್ಷ ಅದೇ ಮುಖದಿಂದ ದಂಗೆಯ ಸುದ್ದಿ ತರುತ್ತಿದ್ದ. ಎಲ್ಲಕ್ಕಿಂತ ದೊಡ್ಡ ತೊಂದರೆ ಶತ್ರುಗಳ ಹೆಸರು. ಆಟ ಮಾಡಿದವರು ಯಾವ ಸೀಮೆಯವರೋ, ಒಂದೊಂದು ರಾಜ್ಯಕ್ಕೂ ನಾಲಿಗೆ ಹೊರಳದ ಹೆಸರಿಟ್ಟಿದ್ದರು. ಹೆಸರು ಬದಲಿಸಲು ಅನುಮತಿ ಇತ್ತು. ಸತೀಶಕುಮಾರ ತನ್ನ ರಾಜಧಾನಿಗೆ ವಿಜಯಪುರವೆಂದು ಹೆಸರಿಟ್ಟ. ಪಕ್ಕದ ಸಣ್ಣ ರಾಜ್ಯಕ್ಕೆ ಇಟ್ಟಂಗಿಹಾಳ, ಅದರಾಚೆ ದ್ರಾಕ್ಷಿ ಬೆಳೆಯುವ ರಾಜ್ಯಕ್ಕೆ ತಿಕೋಟಾ, ಸದಾ ಜಗಳಕ್ಕೆ ಬರುವ ರಾಜ್ಯಕ್ಕೆ ಬಬಲೇಶ್ವರ ಎಂದು ಇಟ್ಟ. ಎಲ್ಲವೂ ಸುತ್ತಲಿನ ಊರುಗಳ ಹೆಸರು; ನೆನಪಿರಲಿ ಎಂಬುದನ್ನು ಬಿಟ್ಟು ಬೇರೆ ಉದ್ದೇಶ ಅವನಿಗಿರಲಿಲ್ಲ. ಆಮೇಲೆ ಇಪ್ಪತ್ತು ವರ್ಷಗಳ ದಂಡಯಾತ್ರೆಯ ಯೋಜನೆಯನ್ನು ಒಂದು ದಪ್ಪನೆಯ ಬಿಳಿ ಕಾಗದದ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ ಬರೆದು, ಟೇಬಲ್ಲಿನ ಮೇಲಿಟ್ಟು ಮರೆತ.

ಆ ಟೇಬಲ್ಲಿನ ಮೇಲೆ ಅವನ ಅಪ್ಪ ಶಾಂತಪ್ಪನವರ ಕಣ್ಣು ಸದಾ ಇರುತ್ತಿತ್ತು. ಶಾಂತಪ್ಪನವರು ಮೂವತ್ತಾರು ವರ್ಷ ಸಾಲಿ ಮಾಸ್ತರರಾಗಿ ನಿವೃತ್ತರಾದವರು. ಒಂದು ಮಗ್ಗಲು ಖಾಲಿ ಇರುವ ಕಾಗದವನ್ನು ಅವರು ಜೀವಮಾನದಲ್ಲಿ ಎಸೆದವರಲ್ಲ. ಲಗ್ನಪತ್ರಿಕೆಯ ಹಿಂದೆ ಕಿರಾಣಿ ಯಾದಿ, ಕ್ಯಾಲೆಂಡರಿನ ಹಿಂದೆ ಮಗ್ಗಿ, ಔಷಧದ ಚೀಟಿಯ ಹಿಂದೆ ವಚನ ಬರೆಯುವವರು. ಮಗನ ಬಯೋಡೇಟಾ ಛಾಪಿಸಲು ಸೊಲ್ಲಾಪುರ ರಸ್ತೆಯ ಝೆರಾಕ್ಸ್ ಅಂಗಡಿಗೆ ಹೊರಟಾಗ ಅವರು ಮನೆಯಿಂದಲೇ ಕಾಗದ ಒಯ್ದರು. “ಇದರಾಗ ಹಾಕ್ರಿ. ಒಂದ ಮಗ್ಗಲು ಕೋರಾ ಐತಿ. ಕಾಗದ ನೋಡ್ರಿ, ಏನ್ ದಪ್ಪ ಐತಿ!”

ಆ ದಪ್ಪ ಕಾಗದವನ್ನು ಮಡಚಿ ತಿಕೋಟಾಕ್ಕೆ ಒಯ್ದವನು ಇಟ್ಟಂಗಿಹಾಳದ ಬುಡ್ಡೇಸಾಬ. ಒಣದ್ರಾಕ್ಷಿ ವ್ಯಾಪಾರಕ್ಕೆಂದು ಊರೂರು ತಿರುಗುವವನು. ಯಾರ ಮನೆಯಲ್ಲಿ ಹೆಣ್ಣಿದೆ, ಯಾರ ಮನೆಯಲ್ಲಿ ಗಂಡಿದೆ ಎಂಬುದೆಲ್ಲ ಅವನ ಬಾಯಲ್ಲಿತ್ತು. “ಮಾಸ್ತರ್ರ, ತಿಕೋಟಾದ ಬಸಗೊಂಡಪ್ಪಗೌಡ್ರ ಮೊಮ್ಮಗಳು ನಂದಾ ಅಂತ. ಒಣದ್ರಾಕ್ಷಿ ಶೆಡ್ಡು ಪೂರಾ ಆಕಿನ ನೋಡ್ಕೋತಾಳ. ನಲವತ್ತು ಮಂದಿ ಕೈಯಾಗ ಕೆಲಸ ಮಾಡಿಸ್ತಾಳ. ನಿಮ್ಮ ಹುಡುಗಗ ಇಂಥಾಕಿನ ಬೇಕು.”

ಇದಕ್ಕೆ ಮೊದಲು ಸತೀಶಕುಮಾರ ಹನ್ನೊಂದು ಮನೆಗಳ ಅವಲಕ್ಕಿ ತಿಂದಿದ್ದ. ಎಲ್ಲಿಯೂ ಮನಸ್ಸು ಅಲುಗಾಡಿರಲಿಲ್ಲ. ತಿಕೋಟಾದಲ್ಲಿ ಹಿರಿಯರು “ಹುಡುಗ ಹುಡುಗಿ ಮಾತಾಡಲಿ” ಎಂದು ಪಡಸಾಲೆಯ ಆಚೆ ಕೂರಿಸಿದಾಗ ಮಾತ್ರ ಅವನ ಎದೆ ದಂಡು ಬಂದಂತೆ ಡೋಲು ಬಾರಿಸಿತು.

“ಏನರ ಕೇಳ್ರಿ,” ಎಂದಳು ನಂದಾ.

“ಮೊದಲ ನೀವು ಕೇಳ್ರಿ. ನಿಮ್ಮ ಪಾಳಿ ಆಗಲಿ.”

ನಂದಾ ಅವನನ್ನು ನೋಡಿದಳು. ತುಟಿಯ ತುದಿಯಲ್ಲಿ ನಗು ಬಂದು ಹೋಯಿತು. “ನಿಮಗ ಯಾವುದರಾಗ ಭಾಳ ಆಸಕ್ತಿ?”

ಮೊಬೈಲಿನಲ್ಲಿ ರಾಜ್ಯವಾಳುತ್ತೇನೆ ಎಂದು ಹೇಳುವ ಧೈರ್ಯ ಯಾವ ವರನಿಗಿದೆ? “ಇತಿಹಾಸ,” ಎಂದುಬಿಟ್ಟ ಸತೀಶಕುಮಾರ.

ಈ ಒಂದು ಶಬ್ದ ಒಂದೇ ವಾರದಲ್ಲಿ ಬೆಳೆದು ಮರವಾಯಿತು. ಬುಡ್ಡೇಸಾಬನ ಬಾಯಲ್ಲಿ ಅದು “ಇತಿಹಾಸ ಅರದು ಕುಡದಾನ” ಎಂದಾಯಿತು. ಜಲನಗರದ ಪಕ್ಕದ ಮನೆಯ ಆನಂದೀಬಾಯಿಯವರ ಬಾಯಲ್ಲಿ “ನಮ್ಮ ಸತೀಶ ಇತಿಹಾಸದ್ದ ಯಾವುದೋ ದೊಡ್ಡ ಗ್ರಂಥ ಬರೀಲಿಕತ್ತಾನ, ಅದಕ್ಕ ಹಿತ್ತಲದಾಗ ಒಬ್ಬಾವನ ಕೂತಿರ್ತಾನ” ಎಂದಾಯಿತು. ತಿಕೋಟಾದಿಂದ ಹೂಂ ಎಂಬ ಸುದ್ದಿ ಬಂತು. ಬರುವ ರವಿವಾರ ಮನೆ ನೋಡಲು ಬರುತ್ತೇವೆ ಎಂದೂ ಹೇಳಿ ಕಳಿಸಿದರು. ಹುಡುಗಿಯ ಕಡೆಯವರು ಬಂದು ವರನ ಮನೆ ನೋಡಿ, ಉಂಡು ಹೋದರೆಂದರೆ ಅರ್ಧ ಲಗ್ನವಾದಂತೆಯೇ.

ರವಿವಾರ ಹನ್ನೊಂದಕ್ಕೆ ಒಂದು ಜೀಪು ಬಂದು ನಿಂತಿತು. ನಂದಾಳ ಅಪ್ಪ ತೋಟ ಬಿಟ್ಟು ಬರುವ ಮನುಷ್ಯನಲ್ಲ. ಆ ಮನೆಯಲ್ಲಿ ಮಾತೆಲ್ಲ ಅಜ್ಜನದು. ಅಜ್ಜ ಬಸಗೊಂಡಪ್ಪ ತಲೆಗೆ ಪಟಗಾ ಸುತ್ತಿಕೊಂಡು ಇಳಿದರು. ಹಿಂದೆ ಅಜ್ಜಿ ಗುರುಸಿದ್ದವ್ವ, ಅವರ ಹಿಂದೆ ಬಬಲೇಶ್ವರದ ಅಳಿಯ ಚೇತನಕುಮಾರ, ಅಂದರೆ ನಂದಾಳ ಸೋದರತ್ತೆಯ ಗಂಡ. ಕೊನೆಗೆ, ಏನೋ ತಪ್ಪಾಗಿದೆ ಎಂದು ಮುಖದಲ್ಲಿಯೇ ಬರೆದುಕೊಂಡ ಬುಡ್ಡೇಸಾಬ.

ಸತೀಶನ ಅವ್ವ ನೀರು ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಶಿರಾ ತಂದಿಟ್ಟಳು. ಅದರ ಮೇಲಿನ ಗೋಡಂಬಿ ಕೂಡ ಕಂಗಾಲಾಗಿ ಕೂತಿತು. ಮನೆಗೆ ಬಂದವರು ನೀರು ಮುಟ್ಟದಿದ್ದರೆ ಏನರ್ಥವೆಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಗೋಡೆಯ ಮೇಲೆ ಕರಿಬೇವು ಕೇಳುವ ನೆಪದಲ್ಲಿ ಆನಂದೀಬಾಯಿಯವರ ತಲೆ ಕಾಣಿಸಿಕೊಂಡಿತು, ಮತ್ತೆ ಇಳಿಯಲಿಲ್ಲ.

“ಮನಿ ನೋಡ್ರಲ್ಲ,” ಎಂದರು ಶಾಂತಪ್ಪ.

“ಮನಿ ಆಮ್ಯಾಲ ನೋಡೋಣು. ಮೊದಲ ಈ ಕಾಗದ ನೋಡೋಣು.” ಚೇತನಕುಮಾರ ಕಿಸೆಯಿಂದ ಬಯೋಡೇಟಾ ತೆಗೆದು, ತಿರುಗಿಸಿ ಹಿಡಿದ. “ನಿನ್ನಿ ನಮ್ಮ ಮಾವನೋರು ನನಗ ತೋರಿಸಿದ್ರು. ನಾ ಎರಡೂ ಕಡೆ ನೋಡೋ ಮನುಷ್ಯಾ. ಈ ಅಕ್ಷರ ಯಾರದು?”

“ನಂದರಿ,” ಎಂದ ಸತೀಶಕುಮಾರ.

“ಓದ್ತೀನಿ, ಕೇಳ್ರಿ. ‘ಒಂದು. ತಿಕೋಟಾ. ಕಾವಲು ಕಡಿಮೆ, ದ್ರಾಕ್ಷಿ ಭರಪೂರ. ಯುದ್ಧದ ಗೊಡವೆ ಬೇಡ. ಲಗ್ನದ ಸಂಬಂಧ ಬೆಳೆಸಿದರೆ ತೋಟ ತಾನೇ ಕೈಗೆ ಬರುತ್ತದೆ.’”

ಶಾಂತಪ್ಪನವರ ಕೈಯಲ್ಲಿದ್ದ ತಾಟು ಅರ್ಧ ದಾರಿಯಲ್ಲಿ ನಿಂತಿತು.

“‘ಎರಡು. ಅಲ್ಲಿಯ ಮುದುಕ ಹಟಮಾರಿ. ಹೆಚ್ಚೆಂದರೆ ಇನ್ನು ಐದು ವರ್ಷ. ಅಲ್ಲಿಯ ತನಕ ನಗುನಗುತ್ತ ಇರಬೇಕು.’”

“ಐದ ವರ್ಷ!” ಬಸಗೊಂಡಪ್ಪ ಕೋಲು ಊರಿದರು. “ನಮ್ಮ ಡಾಕ್ಟರ ಸೈತ ಇಷ್ಟ ಖಚಿತ ಹೇಳಿಲ್ಲ!”

“ಅದಿರ್ಲಿ,” ಎಂದಳು ಗುರುಸಿದ್ದವ್ವ. “ಹಟಮಾರಿ ಅಂಬೋದು ಇವರಿಗೆ ಹ್ಯಾಂಗ ಗೊತ್ತಾತು?”

“‘ಮೂರು. ಬಬಲೇಶ್ವರ ನಡುವೆ ಬಾಯಿ ಹಾಕಿದರೆ ಮೊದಲು ಸಿಹಿ ಕಳಿಸು. ಕೇಳದಿದ್ದರೆ ಆನೆ ಬಿಡು.’ ನೋಡ್ರಿ, ಆ ಬಬಲೇಶ್ವರದಾಂವ ನಾನ! ಶಿರಾ ಇಟ್ಟಾರ, ಆತು. ಇನ್ನ ಆನಿ ಒಂದ ಬರೋದು ಬಾಕಿ ಐತಿ!”

ಅಷ್ಟು ಹೊತ್ತು ಯಾವ ಕಡೆಗೂ ವಾಲದೆ ಕೂತಿದ್ದ ಬುಡ್ಡೇಸಾಬ ಮೆಲ್ಲಗೆ ಕೇಳಿದ, “ನಮ್ಮೂರ ಬಗ್ಗೆ ಏನರ ಐತೇನ್ರಿ?”

“ಐತಿ. ‘ನಾಲ್ಕು. ಇಟ್ಟಂಗಿಹಾಳ. ಕಸಿದುಕೊಳ್ಳುವಂಥದ್ದು ಏನೂ ಇಲ್ಲ. ಸುಮ್ಮನೆ ದಾಟಿ ಹೋಗು.’”

ಬುಡ್ಡೇಸಾಬನ ಮುಖ ಕೆಂಪಾಯಿತು. “ಏನೂ ಇಲ್ಲ? ಏನೂ ಇಲ್ಲಂದ್ರ? ಯಪ್ಪಾ, ಹೋದ ವರ್ಷ ನಮ್ಮೂರಾಗ ಉಳ್ಳಾಗಡ್ಡಿ ಇಡಾಕ ಜಾಗಾ ಇರಲಿಲ್ಲ! ಲೂಟಿ ಮಾಡೋದಿದ್ರ ಎಲ್ಲಾರನೂ ಮಾಡಬೇಕು. ಇದ್ಯಾವ ನ್ಯಾಯರಿ ಮಾಸ್ತರ್ರ?”

“ಶಾಂತಪ್ಪನವರ,” ಗೋಡೆಯ ಮೇಲಿನಿಂದ ಆನಂದೀಬಾಯಿಯವರ ದನಿ ಬಂತು, “ಅದರಾಗ ಜಲನಗರದ್ದು ಏನರ ಬರದದ ಏನ್ರಿ? ನಮ್ಮ ಮನೀದು?”

ಶಾಂತಪ್ಪನವರು ಕಾಗದ ಇಸಿದುಕೊಂಡು, ಕನ್ನಡಕ ಏರಿಸಿ ನೋಡಿದರು. ಆ ಸಂದಿಗ್ಧದಲ್ಲಿಯೂ ಅವರಿಗೆ ಮೊದಲು ಹೊಳೆದದ್ದು ತಮ್ಮ ನಿಷ್ಕಳಂಕತೆ. “ನಾ ಒಂದ ಮಗ್ಗಲು ಕೋರಾ ನೋಡೇ ಒಯ್ದಿದ್ದೆ. ಕಾಗದದಾಗ ಏನೂ ಐಬಿಲ್ಲ.”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಸತೀಶಕುಮಾರ ತನ್ನ ಪಾಳಿಗಾಗಿ ಕಾದ. ಬರಲಿಲ್ಲ. ನಂದಾ ಕೈ ತಪ್ಪುತ್ತಿದ್ದಾಳೆಂಬುದು ಅವನಿಗೆ ಗೊತ್ತಾಗುತ್ತಿತ್ತು. ಬಾಯಿ ತೆರೆದರೆ ಪ್ರತಿ ಸಲವೂ ಯಾರದೋ ಮಾತು ಅಡ್ಡ ಬರುತ್ತಿತ್ತು. ಕೊನೆಗೆ ಗುರುಸಿದ್ದವ್ವ ಗದರಿದಳು. “ಆ ಹುಡುಗನ್ನ ಒಂದೀಟು ಮಾತಾಡಾಕ ಬಿಡ್ರಿ! ಆವಾಗಿಂದ ಮೀನಿನಂಗ ಬಾಯಿ ತಗದು ಮುಚ್ಚಾಕತ್ತಾನ.”

“ಅದು ಆಟ ರೀ, ಆಯಿ,” ಎಂದ ಸತೀಶಕುಮಾರ. “ಮೊಬೈಲ್ದಾಗಿನ ಆಟ. ಊರ ಹೆಸರು ಸುಮ್ನ ಇಟ್ಟೇನಿ. ಆ ಮುದುಕ ಅಜ್ಜಾರಲ್ಲ. ಆ ತಿಕೋಟಾ ನಿಮ್ಮ ತಿಕೋಟಾ ಅಲ್ಲ. ನೀವು ಹಿಂತಾ ಮನಿತನ ಅದೀರಿ ಅಂಬೋದು ಆಗ ನನಗ ಗೊತ್ತ ಇರಲಿಲ್ಲ.”

“ಇತಿಹಾಸ ಅಂದಿದ್ದಿ?” ಎಂದರು ಬಸಗೊಂಡಪ್ಪ.

“ಇತಿಹಾಸದ ಆಟ ರೀ.”

ಇದರಿಂದ ಪರಿಸ್ಥಿತಿ ಸುಧಾರಿಸಿತೆಂದು ಯಾರಾದರೂ ತಿಳಿದರೆ ಅವರು ತಿಕೋಟಾದವರನ್ನು ಅರಿಯರು. ಬಸಗೊಂಡಪ್ಪ ಅಳಿಯನ ಕಡೆ ತಿರುಗಿದರು. “ಕಳ್ಳ ಆಗಿದ್ರ ಬುದ್ಧಿವಂತನರ ಅದಾನ ಅಂತಿದ್ದೆ. ಇವಾ ಮೂವತ್ತಮೂರನೇ ವರ್ಷಕ್ಕ ಆಟಾ ಆಡ್ತಾನಂತ! ನಡೀರಿ, ಜೀಪ್ ಹತ್ರಿ.”

“ತೋರಸ್ತೀನ್ರಿ,” ಎಂದ ಸತೀಶಕುಮಾರ. ಅವನ ದನಿ ಅವನೇ ಗುರುತಿಸಲಾರದಷ್ಟು ಗಟ್ಟಿಯಾಗಿತ್ತು. “ನೋಡೇ ಹೋಗ್ರಿ. ಆಮ್ಯಾಲ ನಿಮ್ಮ ಮರ್ಜಿ.”

ಮೊಬೈಲು ಟೀಪಾಯಿಯ ಮೇಲೆ ಬಂತು. ನಾಲ್ಕು ತಲೆಗಳು ಅದರ ಮೇಲೆ ಬಾಗಿದವು. ಆನಂದೀಬಾಯಿಯವರು ಗೋಡೆ ಬಿಟ್ಟು ಬಾಗಿಲಿನಿಂದಲೇ ಬಂದು ಐದನೇ ತಲೆಯಾದರು.

“ಇದು ವಿಜಯಪುರ ರೀ. ಇದು ತಿಕೋಟಾ.”

ಬಸಗೊಂಡಪ್ಪ ಕಣ್ಣು ಕಿರಿದು ಮಾಡಿದರು. ಅಲ್ಲೊಂದು ಕೋಟೆ, ಕೋಟೆಯ ಸುತ್ತ ಹಸಿರು ಬಳ್ಳಿ, ಒಳಗೆ ಬಿಳಿ ಮೀಸೆಯ ಒಬ್ಬ ರಾಜ. “ಇವಾ ಏನು ಆ ಮುದುಕ? ಮೀಸಿ ಚಲೋ ಬಿಟ್ಟಾನ. ತೋಟಕ್ಕ ನೀರ ಎಲ್ಲಿಂದ?”

“ಒಂದ ಬಾವಿ ಐತ್ರಿ.”

“ಇಷ್ಟ ಬಳ್ಳಿಗೆ ಒಂದ ಬಾವಿ? ಹುಚ್ಚಗಿಚ್ಚ ಹಿಡದೈತೇನು ಇವಂಗ? ಇನ್ನೊಂದು ತೋಡಸು!”

“ನನಗ ತೋಡಸಾಕ ಬರಂಗಿಲ್ರಿ ಅಜ್ಜಾರ. ಅದು ಶತ್ರು ರಾಜ್ಯ. ಬೇಕಾದ್ರ ಆ ರಾಜ್ಯ ನಿಮಗ ಬಿಟ್ಟ ಕೊಡಾಕ ಬರತೈತಿ. ನೀವ ಆಡ್ರಿ.”

ಇಷ್ಟು ಸಾಕಾಯಿತು. ಬಸಗೊಂಡಪ್ಪ ಕೋಲನ್ನು ಗೋಡೆಗೆ ಆನಿಸಿ, ತೋರುಬೆರಳನ್ನು ಧೋತರಕ್ಕೆ ಒರೆಸಿ, ತಿಕೋಟಾದ ಪಟ್ಟಕ್ಕೇರಿದರು. ಬಬಲೇಶ್ವರವನ್ನು ಬೇರೆಯವರ ಕೈಯಲ್ಲಿ ಬಿಡುವುದು ಸರಿಯಲ್ಲವೆಂದು ಚೇತನಕುಮಾರ ಅದನ್ನು ವಹಿಸಿಕೊಂಡ. ಬುಡ್ಡೇಸಾಬ ಹಟ ಹಿಡಿದು ಇಟ್ಟಂಗಿಹಾಳವನ್ನು ಇಸಿದುಕೊಂಡು, ಎರಡು ಕುರಿ ಒಂದು ಗುಡ್ಡದೊಂದಿಗೆ ಆಳ್ವಿಕೆ ಆರಂಭಿಸಿದ. ಮೊಬೈಲು ಕೈಯಿಂದ ಕೈಗೆ ತಿರುಗಿತು.

“ಮಾವನೋರ, ಪಾಳಿ ಮುಗಿಸ್ರಿ, ಎಷ್ಟೊತ್ತ ಮಾಡ್ತೀರಿ?”

“ತಡಿ ಅಳಿಯಾ, ಬಾವಿ ತೋಡಾಕತ್ತೇನಿ. ಬಾವಿ ಅಂದ್ರ ಅವಸರ ಮಾಡೂ ಕೆಲಸ ಅಲ್ಲ.”

“ಇದೇನ್ರಿ, ಬಬಲೇಶ್ವರದ ದಂಡು ನಮ್ಮ ಇಟ್ಟಂಗಿಹಾಳದಾಗ ನಿಂತೈತಿ?”

“ದಾಟಿ ಹೋಗಾಕತ್ತೇನಿ ಬುಡ್ಡೇಸಾಬ. ಅಲ್ಲೇನೈತಿ ತಗೊಳಾಕ?”

“ಮತ್ತ ಅದ ಮಾತು! ತಡೀರಿ, ಕುರಿ ಮಾರಿ ಒಂದ ತೋಪು ತಗೋತೀನಿ.”

“ಅಯ್ಯ, ಕುರಿ ಮಾರಬ್ಯಾಡ್ರಿ, ಮರಿ ಹಾಕ್ತಾವ,” ಎಂದು ಆನಂದೀಬಾಯಿ ಮಂತ್ರಿಯಂತೆ ಸಲಹೆ ಕೊಟ್ಟರು.

ಹೀಗೆ ಮೂರು ವರ್ಷ ಕಳೆದವು. ಶಿರಾದ ತಾಟುಗಳು ಖಾಲಿಯಾಗಿದ್ದವು. ನೀರಿನ ತಂಬಿಗೆಯನ್ನು ಎತ್ತಿ ಗಟಗಟ ಕುಡಿದವರು ಸಾಕ್ಷಾತ್ ಬಸಗೊಂಡಪ್ಪನವರು. ಸತೀಶನ ಅವ್ವ ಅದನ್ನು ಬಾಗಿಲ ಸಂದಿಯಿಂದ ನೋಡಿ, ದೇವರ ಕೋಣೆಯ ಕಡೆ ಕೈ ಮುಗಿದು, ಎರಡನೆಯ ಸುತ್ತು ಶಿರಾಕ್ಕೆ ರವೆ ಹುರಿಯಲು ಹೋದಳು.

ಆಗ ಸತೀಶಕುಮಾರನ ಪಾಳಿ ಬಂತು, ಅದರೊಂದಿಗೆ ಮಂತ್ರಿಯೂ ಬಂದ. “ಪ್ರಭು, ತಿಕೋಟಾದ ವೃದ್ಧ ದೊರೆ ಹಾಸಿಗೆ ಹಿಡಿದಿದ್ದಾರೆ. ಈ ವರ್ಷ ದಾಟುವುದಿಲ್ಲ. ಅವರ ನಂತರ ಹಳೆಯ ಲಗ್ನದ ಕರಾರಿನಂತೆ ತಿಕೋಟಾ ನಿಮ್ಮದಾಗುತ್ತದೆ.”

ಚೇತನಕುಮಾರ ಅದನ್ನು ಗಟ್ಟಿಯಾಗಿ ಓದಿಬಿಟ್ಟ. ಗುಂಡಿ ಒತ್ತಿದರೆ ವರ್ಷ ಮುಗಿಯುತ್ತದೆ, ವರ್ಷ ಮುಗಿದರೆ ಮುದುಕ ಸಾಯುತ್ತಾನೆ. ಇನ್ನೂರ ಹದಿನಾಲ್ಕು ವರ್ಷಗಳಿಂದ ಸತೀಶಕುಮಾರ ಕಾದಿದ್ದ ತಿಕೋಟಾ ಒಂದು ಬೆರಳಿನ ದೂರದಲ್ಲಿತ್ತು.

ಅವನು ಒತ್ತಲಿಲ್ಲ.

“ಒತ್ತಪಾ,” ಎಂದರು ಬಸಗೊಂಡಪ್ಪ. “ಆಟ ಅಲ್ಲೇನು?”

“ಒಲ್ಲೆರಿ ಅಜ್ಜಾರ.”

“ಒತ್ತಂದ್ರ ಒತ್ತು. ನಾ ಏನ್ ಅಂಜಂಗಿಲ್ಲ.”

“ಅಂವಾ ಕೊಲ್ಲಂಗಿಲ್ಲ ಅಂತಾನ, ನೀವ್ಯಾಕ ಸಾಯಾಕ ಇಷ್ಟ ಅವಸರ ಮಾಡಾಕತ್ತೀರಿ?” ಎಂದು ಗುರುಸಿದ್ದವ್ವ ಗಂಡನಿಗೆ ಗದರಿದಳು.

“ಹಂಗಾರ ಆಟ ಮುಂದ ಹೋಗೂದ ಹ್ಯಾಂಗ?” ಎಂದ ಚೇತನಕುಮಾರ.

“ಹೋಗಂಗಿಲ್ರಿ.” ಸತೀಶಕುಮಾರ ಒಂದು ಕ್ಷಣ ಆ ಕೋಟೆ ಕೊತ್ತಲಗಳನ್ನೆಲ್ಲ ನೋಡಿದ. ಆಮೇಲೆ ಮೂಲೆಯ ಇನ್ನೊಂದು ಗುಂಡಿ ಒತ್ತಿದ. ‘ಈ ಆಟವನ್ನು ಶಾಶ್ವತವಾಗಿ ಅಳಿಸಬೇಕೆ?’ ಎಂದು ಕೇಳಿತು. ಹೌದು ಎಂದ. ಕಣಜ, ಕುದುರೆ, ಅಂಬಾರಿ, ಸುಳ್ಳುಗಾರ ಮಂತ್ರಿ, ಎಲ್ಲವೂ ಹೋಗಿ ಬರೇ ಕಪ್ಪು ಪರದೆ ಉಳಿಯಿತು.

“ಲೇ ಲೇ ಲೇ!” ಬಸಗೊಂಡಪ್ಪ ಎದ್ದೇ ನಿಂತರು. “ನನ್ನ ಹೊಸಾ ಬಾವಿ ಹೋತಲ್ಲೋ!”

“ನನ್ನ ತೋಪು!” ಎಂದ ಬುಡ್ಡೇಸಾಬ.

ಶಾಂತಪ್ಪನವರು ಮಗನ ಮುಖ ನೋಡಿದರು. ಇವನಿಗೆ ಇಷ್ಟು ದೊಡ್ಡದೊಂದು ಆಸ್ತಿ ಇತ್ತೆಂಬುದೇ ಅವರಿಗೆ ಆವರೆಗೆ ಗೊತ್ತಿರಲಿಲ್ಲ.

ಬಸಗೊಂಡಪ್ಪ ಮತ್ತೆ ಕೂತರು. ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡು, ಸ್ವಲ್ಪ ಹೊತ್ತು ಮೀಸೆ ನೀವಿದರು. “ನನ್ನ ಕಡಿಂದ ಆತು,” ಎಂದರು. “ಆದ್ರ ಈ ಕಾಗದದ ಸುದ್ದಿ ನಂದಾಗ ತಿಳಿಸಿಲ್ಲ. ಆಕಿಗೆ ಹೇಳದ ಮುಚ್ಚಿಟ್ಟು ಲಗ್ನ ಮಾಡೋ ಮಂದಿ ನಾವಲ್ಲ. ಆಕಿ ಒಲ್ಲೆ ಅಂದ್ರ ಒಲ್ಲೆ.”

ಗುರುಸಿದ್ದವ್ವ ಎಲೆಚೀಲದಿಂದ ಬಟನ್ ಫೋನು ತೆಗೆದು ಹಚ್ಚಿದಳು. ಆ ಫೋನು ಬಜಾರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುತ್ತಿತ್ತು. ಅಜ್ಜಿ ಒಂದೇ ಉಸಿರಿನಲ್ಲಿ ಕಾಗದ, ತೋಟ, ಮುದುಕ, ಆನೆ ಎಲ್ಲವನ್ನೂ ಹೇಳಿ ಮುಗಿಸಿದಳು. ಸತೀಶಕುಮಾರ ಕಿಟಕಿಯ ಸರಳು ಹಿಡಿದು ನಿಂತ.

“ಆಯಿ, ಆ ಕಾಗದ ಬಂದ ದಿನಾನ ನಾ ಓದೇನಿ,” ಎಂದಿತು ನಂದಾಳ ದನಿ.

“ಹಿಂದಿನ ಮಗ್ಗಲಾ?”

“ಹಿಂದಿನ ಮಗ್ಗಲ ಮತ್ತ. ಮುಂದಿನ ಮಗ್ಗಲಾಗ ಏನೈತಿ ಓದಾಕ? ಗುಣವಂತ, ಚಟ ಇಲ್ಲ, ಸ್ವಂತ ಮನಿ. ಹಿಂತಾವು ಒಂಬತ್ತು ಓದೇನಿ, ಒಂಬತ್ತೂ ಗುಣವಂತರು. ಹಿಂದ ಆನಿ, ಕ್ವಾಟಿ ನೋಡಿ ಆಟದ್ದ ಇರಬೇಕಂತ ತಿಳೀತು. ಕಡೀ ಸಾಲು ಓದಿದ್ರಿ?”

ಯಾರೂ ಓದಿರಲಿಲ್ಲ. ಚೇತನಕುಮಾರ ಸಿಟ್ಟಿನ ಭರದಲ್ಲಿ ನಾಲ್ಕಕ್ಕೇ ನಿಲ್ಲಿಸಿದ್ದ. ಈಗ ಶಾಂತಪ್ಪನವರಿಂದ ಕಾಗದ ತೆಗೆದುಕೊಂಡು ಓದಿದ: “‘ಐದು. ಸಿಟ್ಟು ಬಂದಾಗ ಪಾಳಿ ಮುಗಿಸಬಾರದು. ಎದ್ದು ಹೋಗಿ ನೀರು ಕುಡಿದು ಬಂದು, ಮತ್ತೊಮ್ಮೆ ನೋಡಿ ಒತ್ತಬೇಕು.’”

“ನಮ್ಮ ಮನ್ಯಾಗ ಹಂಗ ಮಾಡೋ ಗಂಡಸರು ಎಷ್ಟ ಮಂದಿ ಅದಾರ, ಆಯಿ?” ಎಂದಳು ನಂದಾ.

ಗುರುಸಿದ್ದವ್ವ ಗಂಡನನ್ನೂ ಅಳಿಯನನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಇಬ್ಬರೂ ಮಾಡಿನ ಕಡೆ ನೋಡಿದರು.

“ಅವರ ಕೈಯಾಗ ಫೋನ್ ಕೊಡು. ಒಂದ ಮಾತ ಕೇಳೋದೈತಿ.”

ಸತೀಶಕುಮಾರ ಎರಡೂ ಕೈಯಿಂದ ಫೋನು ಹಿಡಿದುಕೊಂಡ.

“ನೋಡ್ರಿ,” ಎಂದಳು ನಂದಾ, “ನಾ ಕೇಳೋದು ಏನಂದ್ರ...”

“ಹೂಂ ರೀ!”

“ಏನ್ ಹೂಂ? ನಾ ಇನ್ನೂ ಕೇಳೇ ಇಲ್ಲ.”

“ಏನ್ ಕೇಳಿದ್ರೂ ಹೂಂ ರೀ.”

ಆ ಕಡೆಯಿಂದ ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಂಥ ದನಿ ಬಂತು. “ಲಗ್ನಾದ ಮ್ಯಾಲೂ ದ್ರಾಕ್ಷಿ ಹಂಗಾಮಿನಾಗ ನಾ ಶೆಡ್ಡಿಗೆ ಬರಬೇಕು. ದಿನಾ ಮುಂಜಾನೆ ಐದಕ್ಕ ಎದ್ದು ಗಾಡಿ ಮ್ಯಾಲೆ ತಿಕೋಟಾಕ್ಕ ನೀವ ಬಿಟ್ಟ ಬರಬೇಕು, ಆಗತೈತೇನು ಅಂತ ಕೇಳಾಕತ್ತಿದ್ದೆ. ಈಗ ಆತು ಬಿಡ್ರಿ, ಹೂಂ ಅಂದೀರಿ. ಎಲ್ಲಾರೂ ಕೇಳ್ಯಾರ.”

ಎಂಟಕ್ಕೆ ಮೊದಲು ಸೂರ್ಯನ ಮುಖವನ್ನೇ ಕಾಣದ ಸತೀಶಕುಮಾರ ಫೋನು ಹಿಡಿದುಕೊಂಡು ನಿಂತೇ ಇದ್ದ. ಬಸಗೊಂಡಪ್ಪ ಪಟಗಾ ಎತ್ತಿ ತಲೆಗಿಟ್ಟುಕೊಂಡು, ಶಾಂತಪ್ಪನವರ ಬೆನ್ನು ತಟ್ಟಿ ಹೇಳಿದರು:

“ಬೀಗರ, ನೋಡಿದ್ರ್ಯಾ? ಒಂದ ಪಾಳ್ಯಾಗ ವಿಜಯಪುರ ಬಿತ್ತು.”